ಎರಡನೆಯ ಸೊನ್ನೆ

ಹೊಗೆಯಲ್ಲಿನ ಗಂಧಕ ಅಳೆಯುವ ಮೀಟರಿನಲ್ಲಿ ಮತ್ತೆ ಸೊನ್ನೆ. ಹುಡುಗಿ ಮೊದಲು ರಬ್ಬರ್ ಕೊಳವೆಯನ್ನು ಮುಟ್ಟಿ ನೋಡಿದಳು. ಸಿಕ್ಕಿಸಿಯೇ ಇತ್ತು.

ನಿನ್ನೆಯೂ ಸೊನ್ನೆ ಬಂದಿತ್ತು. ಗಾಜಿನ ಕಾರ್ಖಾನೆಯ ಆ ಪ್ರಯೋಗಶಾಲೆಯಲ್ಲಿ ಆರು ತಿಂಗಳಿಂದ ತುಟಿ ಪಿಟಕ್ಕೆನ್ನದೆ ಎಲ್ಲರ ಬಾಯಲ್ಲಿ ‘ಪಿಸುಮಾತು’ ಆಗಿದ್ದವಳು, ನಿನ್ನೆ “ಗಂಧಕ ಪೂರ್ತಿ ಹೋಯ್ತು” ಎಂದು ಕೂಗಿಬಿಟ್ಟಿದ್ದಳು. ಓಡಿ ಬಂದ ಹಿರಿಯ ಕೆಮಿಸ್ಟರು ನೆಲದ ಮೇಲೆ ಬಿದ್ದಿದ್ದ ಕೊಳವೆಯ ತುದಿಯನ್ನು ಎತ್ತಿ ಹಿಡಿದು, “ಹೌದಮ್ಮಾ, ಈ ಕೋಣೆ ಗಾಳೀಲಿ ಗಂಧಕ ಇಲ್ಲ. ನಾವು ಬದುಕಿರೋದೇ ಅದಕ್ಕೆ” ಎಂದಿದ್ದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಅವಳ ಪ್ರಯೋಗಕ್ಕೆ ಇಂದು ಕೊನೆಯ ದಿನ. ಅವಳು ತಾಮ್ರ ಲೇಪಿಸಿದ ಪುಟ್ಟ ಪಿಂಗಾಣಿ ಗುಂಡುಗಳ ಮೇಲೆ ಕುಲುಮೆಯ ಬಿಸಿ ಹೊಗೆ ಹಾಯ್ದರೆ, ಅದರೊಳಗಿನ ವಿಷಾನಿಲ ಒಡೆದು ಗಂಧಕ ಅಲ್ಲೇ ಉಳಿಯಬೇಕು. ಸಂಜೆಯೊಳಗೆ ಕೆಮಿಸ್ಟರ ಸಹಿ ಬೀಳದಿದ್ದರೆ ಗುಂಡುಗಳು ಉಗ್ರಾಣಕ್ಕೆ, ಹೊಗೆ ಎಂದಿನಂತೆ ಚಿಮಣಿಗೆ. ಆದರೆ ಮತ್ತೆ ಸೊನ್ನೆ ಎಂದರೆ ಯಾರು ನಂಬುತ್ತಾರೆ?

ಆ ಅನಿಲ ಒದ್ದೆ ಹೂವಿನ ಬಣ್ಣ ತೆಗೆಯುತ್ತದೆಂದು ಓದಿದ್ದು ನೆನಪಾಯಿತು. ಅವಳು ಗೇಟಿನ ಬಳಿಯ ಮಾಲಿಯ ಹತ್ತಿರ ಹೋದಳು.

“ತಾತ, ಕೆಂಪು ಗುಲಾಬಿದು ಎರಡು ಎಸಳು ಬೇಕು.”

“ಮ್ಯಾನೇಜರ್ ಹೆಂಡ್ತಿಗೇ ಕೊಟ್ಟಿಲ್ಲ, ನಿಂಗ್ಯಾಕೆ?”

“ಹೊಗೆ ಶುದ್ಧ ಆಗಿದ್ಯಾ ನೋಡೋಕೆ.”

ಮಾಲಿ ಚಿಮಣಿ ಪಕ್ಕದ ಸಾಲಿನ ಸುಟ್ಟ ಎಲೆಗಳತ್ತ ನೋಡಿದ. “ಮೊದ್ಲೇ ಹೇಳ್ಬಾರ್ದಾ? ಇಡೀ ಹೂವೇ ತಗೋ” ಎಂದವನು ಕತ್ತರಿಯನ್ನು ಜೇಬಿಗಿಳಿಸಿ ತಾನೂ ಹಿಂದೆಯೇ ಬಂದ.

ಎರಡು ಗಾಜಿನ ಜಾಡಿಗಳಲ್ಲಿ ಎರಡು ಒದ್ದೆ ಎಸಳು. ಒಂದಕ್ಕೆ ಗುಂಡುಗಳನ್ನು ಹಾಯುವ ಮುಂಚಿನ ಹೊಗೆ, ಇನ್ನೊಂದಕ್ಕೆ ಹಾಯ್ದು ಬಂದದ್ದು. ಕಾಲು ಗಂಟೆಯಲ್ಲಿ ಮೊದಲನೆಯದು ಹಳೆಯ ಕಾಗದದಂತೆ ಬಿಳಿಚಿತು. ಎರಡನೆಯದು ಕೆಂಪಗೆ ಹಾಗೇ ಕುಳಿತಿತ್ತು.

ಕರೆದಾಗ ಬಂದ ಕೆಮಿಸ್ಟರು ಮೊದಲು ಕೊಳವೆಗಳನ್ನೆಲ್ಲ ಎಳೆದೆಳೆದು ನೋಡಿದರು. ಆಮೇಲೆ ಕೆಂಪಗೇ ಉಳಿದಿದ್ದ ಎಸಳನ್ನು ತಾವೇ ಮೊದಲ ಜಾಡಿಗೆ ಹಾಕಿದರು. ಅದೂ ಬಿಳಿಚಿತು. ಅವರು ಕನ್ನಡಕ ಒರೆಸಿಕೊಂಡು ಸಹಿ ಹಾಕಿದರು.

“ಈಗ ಹೇಳಮ್ಮ, ಎಷ್ಟು? ನಿನ್ನೆಗಿಂತ ಜೋರಾಗಿ.”

“ಸೊನ್ನೆ ಸಾರ್.” ಪಕ್ಕದವರಿಗೂ ಕೇಳಿಸಲಿಲ್ಲ.

“ಕೂಗೋಕೆ ಇವಳನ್ನ ನಂಬ್ಕೊಂಡ್ರೆ ಆಯ್ತು” ಎಂದು ಮಾಲಿ ಕಿಟಕಿ ತೆರೆದು ಕುಲುಮೆಯವರಿಗೆ ಕೂಗಿದ: “ಸೊನ್ನೆ ಬಂತು ಕಣ್ರೋ!”

ಏನೂ ಅರ್ಥವಾಗದ ಕುಲುಮೆಯವರು ಕೈ ಬೀಸಿದರು. ಪಿಸುಮಾತಿನ ನಗು ಮಾತ್ರ ಗೇಟಿನವರೆಗೂ ಕೇಳಿಸಿತು.