ಸಿಳ್ಳೆ ಮಾಸ್ಟರ್ ಮರೆತ ಧಾಟಿ

ನಮ್ಮ ಬೀದಿಯ ದರ್ಜಿ ಮಾಸ್ಟರ ಅಂಗಡಿಗೆ ಅಳತೆ ಕೊಡಲು ಹೋದವರಿಗೆ ತಮ್ಮ ದೇಹದ ಸತ್ಯ ತಿಳಿಯುವುದು ಅವರ ಮಾತಿನಿಂದಲ್ಲ, ಸಿಳ್ಳೆಯಿಂದ. ಎದೆಯ ಸುತ್ತ ಟೇಪು ಹಾಯಿಸುವಾಗ ಮೆಲ್ಲಗೆ ಹುಟ್ಟಿದ ಧಾಟಿ ಹೊಟ್ಟೆಯ ಬಳಿಗೆ ಬರುವಷ್ಟರಲ್ಲಿ ತಾರಸ್ವರಕ್ಕೆ ಏರಿತೆಂದರೆ, ಕಳೆದ ಸಲಕ್ಕಿಂತ ಎರಡಿಂಚು ಬೆಳೆದಿದ್ದೇವೆಂದು ಅರ್ಥ. ನನ್ನ ಪಾಲಿಗೆ ಅದು ಇಪ್ಪತ್ತು ವರ್ಷಗಳಿಂದ ಏರುತ್ತಲೇ ಇದೆ. ನಾನೂ ನಾಚಿಕೆ ಬಿಟ್ಟು ಎಷ್ಟೋ ಕಾಲವಾಯಿತು. ಬೀದಿಯವರಿಗೆಲ್ಲ ಅವರು ಸಿಳ್ಳೆ ಮಾಸ್ಟರ್.

ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಆ ಕಾಲುಗಳು ರಸ್ತೆಯಲ್ಲಿಯೂ ತುಳಿಯುತ್ತಲೇ ನಡೆಯುತ್ತವೆ. ಮೈಮೇಲೆ ಸದಾ ಒಂದೇ ಬೂದುಬಣ್ಣದ ತೋಳಿಲ್ಲದ ಕೋಟು. ಅದರ ಐದು ಗುಂಡಿ ಕಪ್ಪು, ಮೇಲಿನದೊಂದು ಮಾತ್ರ ಹಿತ್ತಾಳೆಯದು. ತೊಟ್ಟವನು ನೂರು ಹೆಜ್ಜೆ ನಡೆಯದೆ ಯಾವ ಬಟ್ಟೆಯೂ ಮುಗಿದಂತಲ್ಲವೆಂಬುದು ಅವರ ಗುರುಗಳಿಂದ ಬಂದ ಹಟ. ಇನ್ನೂ ಒಂದೇ ತೋಳು ಕೂಡಿಸಿದ್ದ ಕೋಟು ಹಾಕಿಕೊಂಡು, ದೀಪದ ಕಂಬದವರೆಗೆ ಹೋಗಿ, ಚಹಾ ಅಂಗಡಿಯವರ ಕುಚೋದ್ಯವನ್ನೆಲ್ಲ ನುಂಗಿಕೊಂಡು ನಾನು ಹಿಂತಿರುಗಿದ್ದುಂಟು.

ಆದರೆ ಈ ಮನುಷ್ಯನ ನಿಜವಾದ ಕಸುಬು ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದೆ. ಅಳತೆಗೆ ಕತ್ತರಿಸಿದ ಕಂದು ಕಾಗದಗಳ ಬೆನ್ನಿಗೆ ಅವರು ತಮ್ಮ ಧಾಟಿಗಳನ್ನು ಬರೆದಿಡುತ್ತಾರೆ: ಉದ್ದ ಸ್ವರಕ್ಕೊಂದು ಗೆರೆ, ಗಿಡ್ಡ ಸ್ವರಕ್ಕೊಂದು ಚುಕ್ಕೆ, ಉಸಿರು ಎಳೆದುಕೊಳ್ಳುವಲ್ಲಿ ಗುಂಡಿಯ ಗುರುತು. ಶಾಲೆಯ ನಾಟಕಕ್ಕೆ, ಹವ್ಯಾಸಿ ತಂಡಗಳಿಗೆ, ಈಜುಕೊಳದ ಉದ್ಘಾಟನೆಗೆ, ಹೀಗೆ ಕೇಳಿದವರಿಗೆಲ್ಲ ಕಟ್ಟಿಕೊಟ್ಟ ಅರವತ್ತು ಧಾಟಿಗಳು ಅಲ್ಲಿವೆ. ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು.

"ಚೆನ್ನಾಗೇನೋ ಇದೆ. ಆದ್ರೆ ಅದಲ್ಲ ಇದು."

'ಅದು' ಯಾವುದೆಂದು ತಿಳಿಯಬೇಕಾದರೆ ಅವರ ಇಪ್ಪತ್ತನೆಯ ವಯಸ್ಸಿನ ಒಂದು ರಾತ್ರಿಗೆ ಹೋಗಬೇಕು. ಸಾಬೂನು ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಬರಲಿದ್ದ ಬ್ಯಾಂಡಿನವರಿಗೆ ಗುರುಗಳ ಅಂಗಡಿಯಲ್ಲಿ ಕೆಂಪು ಕೋಟುಗಳು ಸಿದ್ಧವಾಗಿದ್ದವು. ಬ್ಯಾಂಡಿನವರು ತೊಟ್ಟು ನೋಡಲು ಬರಲೇ ಇಲ್ಲ. ನೂರು ಹೆಜ್ಜೆಯ ನೇಮ ತಪ್ಪುವಂತಿಲ್ಲ. ಗುರುಗಳು ತಮ್ಮ ಮೂವರು ಶಿಷ್ಯರಿಗೇ ಮೂರು ಕೋಟು ತೊಡಿಸಿ, ಮಿಕ್ಕಿದ್ದನ್ನು ಗಂಟು ಕಟ್ಟಿ, ನಡೆದುಕೊಂಡೇ ಹೋಗಿ ತಲುಪಿಸಿ ಬನ್ನಿ ಎಂದು ಕಳಿಸಿದರು. ಸಭಾಂಗಣದ ಬಾಗಿಲಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ವ್ಯವಸ್ಥಾಪಕ, "ಎಷ್ಟೊತ್ರೀ ಬರೋದು, ಜನ ಕಾಯ್ತಿದಾರೆ" ಎಂದವನೇ ಮೂವರನ್ನೂ ವೇದಿಕೆಗೆ ತಳ್ಳಿದ. ನಾವು ದರ್ಜಿಗಳು ಎಂಬ ಎರಡೇ ಪದ ಯಾರ ಗಂಟಲಿನಿಂದಲೂ ಹೊರಡಲಿಲ್ಲ.

ಎದುರಿಗೆ ಐನೂರು ಜನ. ಮೂವರಲ್ಲಿ ಗುಂಡಿಗೆ ಕಾಜ ಹಾಕುವವನು ಖಾಲಿ ಪೆಟ್ಟಿಗೆಯೊಂದನ್ನು ಮಗುಚಿ ಬಡಿದ, ಇಸ್ತ್ರಿಯವನು ಎರಡು ತಟ್ಟೆ ಹಿಡಿದ, ನಮ್ಮ ಮಾಸ್ಟರ್ ಮೈಕಿಗೆ ಬಾಯಿಟ್ಟು ಸಿಳ್ಳೆ ಹೊಡೆದರು. ಭಯದಲ್ಲಿ ಹುಟ್ಟಿದ ಆ ಧಾಟಿಗೆ ಐನೂರು ಜನವೂ ಎದ್ದು ಕುಣಿದರಂತೆ. ಗಾಡಿ ಕೆಟ್ಟು ದಾರಿಯಲ್ಲಿ ಸಿಕ್ಕಿಬಿದ್ದಿದ್ದ ನಿಜವಾದ ಬ್ಯಾಂಡಿನವರು ಒಂದೂವರೆ ಗಂಟೆ ತಡವಾಗಿ ಬಂದವರು, ಜಗಳಕ್ಕೆ ನಿಲ್ಲದೆ ತಾವೂ ದನಿಗೂಡಿಸಿದರು. ಬೆಳಗಿನ ಜಾವ ಕೋಟು ವಾಪಸು ಪಡೆಯುವಾಗ ಅವರ ಹಿರಿಯ ಒಂದು ಹಿತ್ತಾಳೆ ಗುಂಡಿಯನ್ನು ಕಿತ್ತು ಈ ಹುಡುಗನ ಕೈಗಿತ್ತ. ಹುಡುಗ ಸುಖವಾಗಿ ನಿದ್ದೆ ಹೋದ. ಎದ್ದಾಗ ಗುಂಡಿ ಇತ್ತು, ಧಾಟಿ ಇರಲಿಲ್ಲ.

ಅಂದಿನಿಂದ ಕಟ್ಟಿದ ಅರವತ್ತೂ ಅದರ ಹುಡುಕಾಟ. ಹೋದ ವರ್ಷ ಮುಂದಿನ ಎರಡು ಹಲ್ಲು ಅಲುಗಾಡತೊಡಗಿ, ಕೀಳಲೇಬೇಕೆಂದು ದಂತವೈದ್ಯರು ಹೇಳಿದಾಗ ಮಾಸ್ಟರ್ ಕಂಗಾಲಾದರು. ಹಲ್ಲು ಹೋದರೆ ಸಿಳ್ಳೆ ಹೋಯಿತು. ಸಿಳ್ಳೆ ಹೋದ ಮೇಲೆ ಧಾಟಿ ಸಿಕ್ಕಿ ಏನು ಫಲ? ದವಡೆ ಊದಿಸಿಕೊಂಡು, ಗಂಜಿ ಕುಡಿದುಕೊಂಡು ಮೂರು ತಿಂಗಳು ತಳ್ಳಿದರು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಗಾದೆ ಇರೋದು ನಿಮಗೋಸ್ಕರಾನೇ" ಎಂದು ಕಾಜ ಹಾಕುತ್ತ ಕೂತ ಅವರ ಹೆಂಡತಿ ಗೊಣಗುತ್ತಿದ್ದರು.

ಹೀಗಿರುವಾಗ ಒಂದು ದಿನ ನಾನೂ ಅಂಗಡಿಯಲ್ಲಿದ್ದೆ. ಮೊಮ್ಮಗನ ಷರಾಯಿ ಗಿಡ್ಡ ಮಾಡಿಸಲು ಬಂದ ಮುದುಕಿಯೊಬ್ಬರು ಬೆಂಚಿನ ಮೇಲೆ ಕೂತು, ಬೇಸರ ಕಳೆಯಲು ಏನನ್ನೋ ಗುನುಗುತ್ತಿದ್ದರು. ಮಾಸ್ಟರ ಕತ್ತರಿ ನಿಂತಿತು.

"ಅಮ್ಮಾ, ಇದನ್ನ ಎಲ್ಲಿ ಕೇಳಿದ್ರಿ?"

"ನಮ್ಮ ಸಾಬೂನು ಕಾರ್ಖಾನೇಲಪ್ಪ, ನಾನಿನ್ನೂ ಹುಡುಗಿ ಆಗ. ಬ್ಯಾಂಡಿನ ಹುಡುಗನೊಬ್ಬ ಸಿಳ್ಳೆ ಹೊಡೆದಿದ್ದ. ಪಾಪ, ಅವನ ಕೋಟಿನ ತೋಳು ಬೆರಳು ಮುಚ್ಚೋಷ್ಟು ಉದ್ದ. ಯಾವ ದರ್ಜಿ ಹೊಲಿದಿದ್ನೋ."

"ತೋಳು ಸರಿಯಾಗೇ ಇತ್ತಮ್ಮ. ಅಳತೆ ನಂದಲ್ಲ, ಅಷ್ಟೇ" ಎಂದರು ಮಾಸ್ಟರ್. ಐವತ್ತು ವರ್ಷದ ನಿಧಿ ಎದುರಿಗೆ ತೆರೆದಿದ್ದಾಗಲೂ ಕಸುಬಿನ ಮಾನ ಬಿಟ್ಟುಕೊಡಲಿಲ್ಲವಲ್ಲ, ಭಲೇ ಎನ್ನಿಸಿತು ನನಗೆ.

ಮುದುಕಿಗೆ ವಿಷಯ ತಿಳಿಯಿತು. ನಕ್ಕು, ಮೊದಲಿನಿಂದ ಕೊನೆಯವರೆಗೆ ಗುನುಗಿ ತೋರಿಸಿದರು. ನಿಜ ಹೇಳುತ್ತೇನೆ, ತೀರ ಸಾಮಾನ್ಯವಾದ ಧಾಟಿ. ಏರಿಳಿತವಿಲ್ಲ, ಟಕಟಕ, ಟಕಟಕ, ಒಂದು ನಿಲುಗಡೆ, ಮತ್ತೆ ಟಕಟಕ. ನಾನು ಮಾಸ್ಟರ ಮುಖ ನೋಡಲು ಅಂಜಿ ನೆಲ ನೋಡಿದೆ.

ಅವರ ಹೆಂಡತಿಯೇ ಬಾಯಿಬಿಟ್ಟರು. "ಇದಾ? ಇದನ್ನ ನಿಮ್ಮ ಮಿಷನ್ನು ದಿನಾ ಹೊಡೆಯುತ್ತಲ್ಲ."

ಹೌದು, ಹೆದರಿದ ಹುಡುಗನ ಬಾಯಿಗೆ ಅಂದು ಬಂದದ್ದು ಅವನ ಕಾಲಿಗೆ ಗೊತ್ತಿದ್ದ ಲಯವೊಂದೇ. ಮಾಸ್ಟರ್ ನಗತೊಡಗಿದರು, ಕೊರಳಿನ ಟೇಪು ಜಾರಿ ಬೀಳುವಷ್ಟು, ಊದಿದ ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿಯುವಷ್ಟು ನಕ್ಕರು.

"ಸದ್ಯ, ಮರೆತೆನಲ್ಲ ಮಾರಾಯ್ತಿ. ನೆನಪಿದ್ದಿದ್ರೆ ಇದೊಂದನ್ನೇ ಹೊಡ್ಕೊಂಡು ಕೂತಿರ್ತಿದ್ದೆ."

ಮಾರನೆಯ ದಿನವೇ ಹಲ್ಲು ಕೀಳಿಸಿಕೊಂಡು ಬಂದರು. ಈಗ ಆ ಸಂದಿನಲ್ಲಿ ಸಿಳ್ಳೆಗಿಂತ ಗಾಳಿಯೇ ಹೆಚ್ಚು; ಅರವತ್ತೊಂದನೆಯದನ್ನು ಅದಕ್ಕೆ ಹೊಂದುವಂತೆ ಕಟ್ಟುತ್ತಿದ್ದಾರೆ. ಯೌವನದ ಒಂದು ರಾತ್ರಿಯನ್ನು ಜೀವಮಾನವಿಡೀ ಹೊತ್ತು ತಿರುಗುವವರನ್ನು ಕಂಡರೆ ಲೋಕಕ್ಕೆ ಕನಿಕರ, ನನಗೂ ಇತ್ತು, ಈಗಿಲ್ಲ. ಇಂಥವರು ಕಳೆದುಕೊಂಡದ್ದು ಯಾವಾಗಲೂ ಚಿಕ್ಕದೇ ಇರಬಹುದು; ಅದನ್ನು ಹುಡುಕುತ್ತ ದಾರಿಯುದ್ದಕ್ಕೂ ಅವರು ಚೆಲ್ಲಿ ಹೋದ ಧಾಟಿಗಳಿಗೆ ನಮ್ಮಂಥವರು ಕುಣಿದಿರುತ್ತೇವೆ.