ಮತ ಎಣಿಕೆಯ ದಿನ, ಮೂರು ಗಂಟೆಯೊಳಗೆ

ಉಚ್ಚಿಲದಲ್ಲಿ ನಮ್ಮ ಪಕ್ಕದ ಮನೆ ವಿನೋದಕ್ಕನದ್ದು. ನಾವಿಬ್ಬರೂ ಒಂದೇ ಸ್ವಸಹಾಯ ಸಂಘದವರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ವಿನೋದಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತುಕೊಳ್ಳುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಆದರೆ ಎದುರಿನ ರಸ್ತೆ ಅವರಿಗೆ ಕಾಣುವುದಿಲ್ಲ. ಅವರಿಗೆ ಕಾಣುವುದು ಕಾಪು ಬೀಚಿಗೆ ಹೋಗುವ ದಾರಿಯ ಒಂದು ಸಣ್ಣ ಮೀನೂಟದ ಹೋಟೆಲ್. ನಾಲ್ಕೇ ಮೇಜು. ಕಿಟಕಿಯಿಂದ ಗಾಳಿ ಬರುತ್ತಾ ಉಂಟು. ಒಳಗೆ ಬಂಗುಡೆ ಮೀನಿನ ಪುಳಿಮುಂಚಿ ಸಾರು ಕುದಿಯುತ್ತಾ ಉಂಟು. ಯಾರೋ ಊರವರಲ್ಲದವರು ಬಂದು ಉಂಡು, "ಇನ್ನೊಂದು ನೀರುದೋಸೆ ಹಾಕಿ" ಅನ್ನುತ್ತಾರೆ.

"ಎಂತ ವಿನೋದಕ್ಕ, ಹೋಟೆಲಿಗೆ ಹೋಗಿದ್ದೀರಾ?" ಅಂತ ನಾನು ತಮಾಷೆ ಮಾಡುವುದುಂಟು.

"ಹೌದು ಮಾರಾಯ್ತಿ, ಇವತ್ತು ಗಿರಾಕಿ ಜೋರು" ಅನ್ನುತ್ತಾರೆ.

ಆ ಹೋಟೆಲಿಗಾಗಿ ಅವರು ಐದು ವರ್ಷದಿಂದ ತಿಂಗಳು ತಿಂಗಳು ಶೇರಿನ ಮ್ಯೂಚುವಲ್ ಫಂಡಿಗೆ ಹಣ ಕಟ್ಟುತ್ತಿದ್ದರು. ದಾರಿ ತೋರಿಸಿದವರು ಡೈನಾ ಬಾಯಿ. ಕಾರ್ಕಳದವರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಈಗ ನಮ್ಮಂಥ ಸಂಘಗಳಿಗೆ ಬಂದು ಹಣದ ವಿಷಯ ತಿಳಿಸಿ ಹೇಳುತ್ತಾರೆ.

ಆ ವರ್ಷ ಚುನಾವಣೆಯ ಮತ ಎಣಿಕೆ ಜೂನ್ ತಿಂಗಳಲ್ಲಿ ಬಂತು. ಮೀನುಗಾರಿಕೆಗೆ ರಜೆಯ ಕಾಲ. ವಿನೋದಕ್ಕನ ಗಂಡ ಭುಜಂಗಣ್ಣ ಮಲ್ಪೆಯ ಬೋಟಿನಲ್ಲಿ ದುಡಿಯುವವರು, ಹಾಗಾಗಿ ಮನೆಯಲ್ಲೇ ಇದ್ದರು. ಬೆಳಿಗ್ಗೆಯೇ ಟಿವಿ ಮುಂದೆ ಕುಳಿತಿದ್ದರು. ಯಾರಿಗೂ ಪೂರ್ತಿ ಬಹುಮತ ಇಲ್ಲ ಅಂತ ಟಿವಿಯವರು ಹೇಳತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಪರದೆಯ ಕೆಳಗೆ ಕೆಂಪು ಅಕ್ಷರ ಓಡಿತು. ಶೇರು ಪೇಟೆ ಕುಸಿಯಿತು ಅಂತ.

"ವಿನೋದಾ, ಇಲ್ಲಿ ಬಾ!" ಭುಜಂಗಣ್ಣ ಕೂಗಿದ್ದು ನಮ್ಮ ಮನೆಗೂ ಕೇಳಿತು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ.

ಅಷ್ಟರಲ್ಲಿ ಭುಜಂಗಣ್ಣನ ಅಕ್ಕನ ಮಗ ಪ್ರಖ್ಯಾತ್ ಸ್ಕೂಟರಿನಲ್ಲಿ ಬಂದಿಳಿದ. ಮಣಿಪಾಲದ ಮೊಬೈಲ್ ಅಂಗಡಿಯಲ್ಲಿ ಕೆಲಸ ಅವನಿಗೆ. ಒಳ್ಳೆಯ ಹುಡುಗ, ಮಾವ ಅತ್ತೆ ಅಂದರೆ ಜೀವ. ಅವತ್ತು ಅರ್ಧ ದಿನ ರಜೆ ಹಾಕಿ ಓಡಿ ಬಂದಿದ್ದ.

"ಅತ್ತೆ, ಮೊಬೈಲ್ ಕೊಡಿ. ಎಲ್ಲ ಮಾರಿಬಿಡುವ. ಮೂರು ಗಂಟೆಯೊಳಗೆ ಹಾಕಿದರೆ ಮಾತ್ರ ಇವತ್ತಿನ ರೇಟು ಸಿಗುತ್ತದೆ. ನಾಳೆ ಇನ್ನೂ ಬೀಳುತ್ತದೆ."

"ಮಾರಿ ಎಂತ ಮಾಡುವುದು?" ವಿನೋದಕ್ಕ ಕೇಳಿದರು.

"ನಮ್ಮ ಮೊಬೈಲಿನ ಶೇರು ಗ್ರೂಪಿನಲ್ಲಿ ಒಂದು ಕಂಪನಿಯ ಹೆಸರು ಹೇಳಿದ್ದಾರೆ. ಹೊಸ ಸರ್ಕಾರ ಬಂದರೆ ಬಂದರಿನ ಕೆಲಸ ಎಲ್ಲ ಅವರಿಗೇ ಅಂತೆ. ಒಂದಕ್ಕೆ ಮೂರು ಆಗುತ್ತದೆ. ನಾನು ನಿನ್ನೆಯೇ ಹಾಕಿಬಿಟ್ಟೆ."

ಭುಜಂಗಣ್ಣ ತಲೆ ಹಿಡಿದುಕೊಂಡರು. "ಐದು ವರ್ಷದ್ದು ನೀರಿಗೆ ಹೋಗುತ್ತದೆ. ಅವನು ಹೇಳಿದ ಹಾಗೆ ಮಾಡು. ಸರ್ಕಾರವೇ ನಿಲ್ಲುವುದಿಲ್ಲ, ಇನ್ನು ನಿನ್ನ ಹಣ ನಿಲ್ಲುತ್ತದಾ?"

ವಿನೋದಕ್ಕ ಮೊಬೈಲ್ ತೆಗೆದರು. ಹಣ ಹಿಂಪಡೆಯುವ ಗುಂಡಿ ಬಂತು. ಅವರ ಹೆಬ್ಬೆರಳು ಅದರ ಮೇಲೆ ನಿಂತಿದ್ದು ನಾನೇ ನೋಡಿದೆ. ನೋಟ ಮಾತ್ರ ಎಲ್ಲೋ ಇತ್ತು. ಆ ನಾಲ್ಕು ಮೇಜುಗಳನ್ನು ಯಾರೋ ಒಂದೊಂದಾಗಿ ಹೊರಗೆ ಹೊತ್ತೊಯ್ಯುತ್ತಿದ್ದಾರೆ ಅನ್ನುವ ಹಾಗೆ.

"ಇವತ್ತು ಸಂಘದ ಮೀಟಿಂಗ್ ಉಂಟಲ್ವಾ?" ಅಂದರು ನಿಧಾನಕ್ಕೆ. "ಡೈನಾ ಬಾಯಿ ಎರಡು ಗಂಟೆಯ ಬಸ್ಸಿಗೆ ಬರುತ್ತಾರೆ. ಅವರಲ್ಲಿ ಒಂದು ಮಾತು ಕೇಳಿ ಒತ್ತುತ್ತೇನೆ."

ಕಾಯುವುದೆಂದರೆ ಎಂಥ ಕಷ್ಟ! ಹೊರಗೆ ಮೋಡ ಕಟ್ಟಿತ್ತು. ಗಾಳಿಯೇ ಇಲ್ಲ. ದೂರದ ಕಡಲಿನ ಶಬ್ದ ಮಾತ್ರ, ನಿದ್ದೆಯಲ್ಲಿ ಯಾರೋ ಉಸಿರು ಬಿಟ್ಟ ಹಾಗೆ. ಭುಜಂಗಣ್ಣ ಟಿವಿ ನೋಡುವುದು, ಗಡಿಯಾರ ನೋಡುವುದು. ಎರಡೂ ಕಾಲಿಗೆ ಡೈನಾ ಬಾಯಿ ಕೊಡೆ ಮಡಚಿಕೊಂಡು ಮೆಟ್ಟಿಲು ಹತ್ತಿದರು.

"ಬಾಯಿ, ಮಾರಬೇಕಾ ಬೇಡವಾ? ಅಷ್ಟು ಹೇಳಿ" ಅಂದರು ಭುಜಂಗಣ್ಣ.

ಡೈನಾ ಬಾಯಿ ನೀರು ಕುಡಿದರು. "ಭುಜಂಗಣ್ಣ, ಮೊದಲು ನೀವು ಹೇಳಿ. ಡೀಸೆಲ್ ಸಬ್ಸಿಡಿ ಬರುತ್ತದೋ ಇಲ್ಲವೋ ಗೊತ್ತಾಗದಿದ್ದರೆ ನಿಮ್ಮ ಬೋಟಿನ ಯಜಮಾನರು ಎಂತ ಮಾಡುತ್ತಾರೆ?"

"ಎಂತ ಮಾಡುವುದು! ಹೊಸ ಬಲೆ ತೆಗೆಯುವುದಿಲ್ಲ. ಎರಡನೇ ಬೋಟಿನ ವಿಚಾರ ಮುಂದೆ ಹಾಕುತ್ತಾರೆ. ನೋಡುವ, ನೋಡುವ ಅನ್ನುತ್ತಾರೆ."

"ಇದ್ದ ಬೋಟನ್ನು ಮಾರುತ್ತಾರಾ?"

"ಅದಕ್ಕೆಲ್ಲ ಯಾರು ಬೋಟು ಮಾರುತ್ತಾರೆ ಬಾಯಿ? ಜನ ಮೀನು ತಿನ್ನುವುದು ಬಿಡುತ್ತಾರಾ?"

"ದೇಶದ ದೊಡ್ಡ ಯಜಮಾನರೂ ಹೀಗೆಯೇ" ಅಂದರು ಡೈನಾ ಬಾಯಿ. "ಹೊಸದಾಗಿ ಬರುವವರು ತೆರಿಗೆ ಹೆಚ್ಚು ಮಾಡುತ್ತಾರಾ, ಹಳೆಯ ರಸ್ತೆ ಕೆಲಸ ನಿಲ್ಲಿಸುತ್ತಾರಾ, ಯಾವ ಉದ್ಯಮಕ್ಕೆ ನೆರವು ಕೊಡುತ್ತಾರೆ, ಗೊತ್ತಿಲ್ಲ. ಗೊತ್ತಾಗುವವರೆಗೆ ಹೊಸ ಕಾರ್ಖಾನೆಗೆ ಹಣ ಹಾಕಲು ಹಿಂದೆ ಮುಂದೆ ನೋಡುತ್ತಾರೆ. ಕೆಲವರು ಹೆದರಿ ಶೇರು ಮಾರುತ್ತಾರೆ. ಆಗ ಪೇಟೆ ಬೀಳುತ್ತದೆ. ಸಚಿವರು ಯಾರು, ಬಜೆಟ್ ಎಂತ ಅಂತ ತಿಳಿದ ಮೇಲೆ ಲೆಕ್ಕಾಚಾರ ಸ್ವಲ್ಪ ನೆಲೆಗೆ ಬರುತ್ತದೆ."

"ಹಾಗಾದರೆ ನಾಳೆ ಏಳುತ್ತದಾ?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ವಾ?" ಭುಜಂಗಣ್ಣನಿಗೆ ಸಿಟ್ಟೇ ಬಂತು. "ಮತ್ತೆ ನಿಮ್ಮನ್ನು ಕಾದದ್ದು ಯಾಕೆ?"

"ಯಾರಿಗೂ ಗೊತ್ತಿಲ್ಲ ಭುಜಂಗಣ್ಣ. ಇನ್ನೂ ಬೀಳಬಹುದು. ಕೆಲವು ಸಲ ಮೇಲೆ ಬರಲು ವರ್ಷಗಳೇ ಬೇಕಾಗುತ್ತವೆ. ಸರ್ಕಾರ ಬದಲಾದರೆ ಏನೂ ಆಗುವುದಿಲ್ಲ ಅಂತ ಹೇಳಿದರೆ ಅದೂ ಸುಳ್ಳು. ಕೆಲವು ಕಂಪನಿಗೆ ಏಟು ಬೀಳುತ್ತದೆ, ಕೆಲವಕ್ಕೆ ಒಳ್ಳೆಯದಾಗುತ್ತದೆ. ವಿನೋದಕ್ಕನ ಹಣ ಒಂದೇ ಕಂಪನಿಯಲ್ಲಿ ಇಲ್ಲ, ಐವತ್ತು ಕಂಪನಿಗಳಲ್ಲಿ ಹಂಚಿ ಹೋಗಿದೆ." ಆಮೇಲೆ ವಿನೋದಕ್ಕನ ಕಡೆ ತಿರುಗಿದರು. "ನೀವು ಹೇಳಿ, ಈ ಹಣ ನಿಮಗೆ ಯಾವಾಗ ಬೇಕು?"

ವಿನೋದಕ್ಕ ಯೋಚಿಸಿದರು. "ಕಾಪುವಿನಲ್ಲಿ ಒಂದು ಕೋಣೆ ನೋಡಿದ್ದೇನೆ. ಡಿಸೆಂಬರಿಗೆ ಅಡ್ವಾನ್ಸ್ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ. ಅಡುಗೆಮನೆ, ಪಾತ್ರೆ, ಮೇಜು, ಅದೆಲ್ಲ ಇವರ ಬೋಟಿನ ಕೆಲಸ ಬಿಟ್ಟ ಮೇಲೆ. ಇನ್ನೂ ನಾಲ್ಕೈದು ವರ್ಷ."

ಡೈನಾ ಬಾಯಿ ತುಟಿ ಕಚ್ಚಿಕೊಂಡರು. "ಡಿಸೆಂಬರಿಗೆ ಬೇಕಾದದ್ದು ಶೇರಿನಲ್ಲಿ ಇರಬಾರದಿತ್ತು ವಿನೋದಕ್ಕ. ಹೋದ ವರ್ಷವೇ ನಾನು ಇದನ್ನು ಕೇಳಬೇಕಿತ್ತು. ಕೇಳಲಿಲ್ಲ, ಅದು ನನ್ನ ತಪ್ಪು. ಆರು ತಿಂಗಳಲ್ಲಿ ಬೇಕಾದ ಹಣ ಬ್ಯಾಂಕಿನ ಠೇವಣಿಯಲ್ಲಿ ಇರಬೇಕು. ಉಳಿದದ್ದಕ್ಕೆ ಕಾಯುವ ಸಮಯ ಉಂಟು."

ಪ್ರಖ್ಯಾತ್ ಸುಮ್ಮನಿರಲಿಲ್ಲ. "ಬಂದರಿನ ಕಂಪನಿ, ಬಾಯಿ?"

"ಹೇಳಿದವರು ಯಾರು ಮಗಾ? ಶೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರದ ಸಂಸ್ಥೆ ಸೆಬಿಯಲ್ಲಿ ಅವರ ಹೆಸರು ನೋಂದಣಿ ಆಗಿದೆಯಾ?"

"ಗ್ರೂಪಿನಲ್ಲಿ ಹನ್ನೆರಡು ಸಾವಿರ ಜನ ಇದ್ದಾರೆ."

"ಜನ ಎಷ್ಟು ಅಂತ ಕೇಳಲಿಲ್ಲ ನಾನು. ಹೇಳುವವರು ಯಾರು ಅಂತ ಕೇಳಿದೆ."

ಪ್ರಖ್ಯಾತ್ ಮೊಬೈಲ್ ತೆಗೆದು ಗ್ರೂಪಿನಲ್ಲಿ ಹೆಸರು ಹುಡುಕತೊಡಗಿದ.

ಗಂಟೆ ಎರಡೂ ಮುಕ್ಕಾಲು. ವಿನೋದಕ್ಕ ಗಂಡನ ಹತ್ತಿರ ಕುಳಿತರು. "ಅಡ್ವಾನ್ಸಿನಷ್ಟು ಮಾತ್ರ ತೆಗೆದು ಠೇವಣಿಗೆ ಹಾಕುತ್ತೇನೆ, ಆಗದಾ? ಇವತ್ತು ಸ್ವಲ್ಪ ಕಡಿಮೆ ಬರುತ್ತದೆ, ಬರಲಿ. ಆರು ತಿಂಗಳು ದಿನಾ ಎದೆ ಹಿಡಿದುಕೊಂಡು ಕೂರಲು ನನ್ನಿಂದ ಆಗುವುದಿಲ್ಲ. ಉಳಿದದ್ದು ಅಲ್ಲೇ ಇರಲಿ."

ಭುಜಂಗಣ್ಣ ಪರದೆಯ ಕೆಂಪು ಅಕ್ಷರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಟಿವಿ ಆರಿಸಿದರು. "ಇರಲಿ. ನಮ್ಮ ಯಜಮಾನರೂ ಬೋಟು ಮಾರಿಲ್ಲವಲ್ಲ" ಅಂದರು.

ವಿನೋದಕ್ಕ ಮೊತ್ತ ಬರೆದು ಗುಂಡಿ ಒತ್ತಿದರು.

ಮೂರು ವಾರ ಕಳೆಯಿತು. ಹೊಸ ಸರ್ಕಾರ ಬಂತು. ಬಂದರಿನ ಕಂಪನಿಯ ಶೇರು ಎರಡು ದಿನ ಹಾರಿತು, ಆಮೇಲೆ ಕಲ್ಲು ಬಿದ್ದ ಹಾಗೆ ಬಿತ್ತು. ಮಾರಲು ಹೋದರೆ ಕೊಳ್ಳುವವರೇ ಇಲ್ಲ. ಪ್ರಖ್ಯಾತನ ಗ್ರೂಪ್ ಒಂದು ಬೆಳಿಗ್ಗೆ ಮೊಬೈಲಿನಿಂದಲೇ ಮಾಯ. ಅವನು ಹಾಕಿದ್ದು ಬೈಕಿಗೆಂದು ಇಟ್ಟಿದ್ದ ಹಣ. ಉಚ್ಚಿಲಕ್ಕೆ ಬಂದವನು ಊಟಕ್ಕೆ ಕುಳಿತ. ವಿನೋದಕ್ಕ ಒಂದು ಮಾತೂ ಕೇಳಲಿಲ್ಲ, ಇನ್ನೊಂದು ಸೌಟು ಸಾರು ಹಾಕಿದರು. ಅವನ ಕಣ್ಣಲ್ಲಿ ನೀರು ಬಂತು. ಮರುದಿನ ಡೈನಾ ಬಾಯಿಯೇ ಜೊತೆಗೆ ಕುಳಿತು ಸೆಬಿಗೆ ದೂರು ಬರೆಸಿದರು. ಹಣ ಇನ್ನೂ ಬಂದಿಲ್ಲ.

ವಿನೋದಕ್ಕನ ಉಳಿದ ಹಣ ಏರಿತು, ಬಜೆಟ್ ಹೊತ್ತಿಗೆ ಇಳಿಯಿತು, ಮತ್ತೆ ಏರಿತು. ಈಗ ಅವರು ದಿನಾ ನೋಡುವುದಿಲ್ಲ.

ಡಿಸೆಂಬರಿನಲ್ಲಿ ಠೇವಣಿಯ ಹಣ ಕೈಗೆ ಬಂತು. ಅಡ್ವಾನ್ಸ್ ಕೊಟ್ಟು ಗಂಡ ಹೆಂಡತಿ ಕಾಪುವಿನ ಕೋಣೆಯ ಬೀಗ ತೆಗೆದರು. ನನ್ನನ್ನೂ ಕರೆದಿದ್ದರು. ಖಾಲಿ ಕೋಣೆ. ನೆಲದ ಮೇಲೆ ಬಿಸಿಲಿನ ಒಂದು ಚೌಕ ಬಿದ್ದಿತ್ತು, ಮರಳಿನ ಪುಡಿ ಅದರಲ್ಲಿ ಮಿನುಗುತ್ತಿತ್ತು. ಭುಜಂಗಣ್ಣ ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದ ಹಾಗೆ ಒಳಗೆ ಹೋದರು. ಒಂದು ಮೂಲೆಯಲ್ಲಿ ನಿಂತು ಗೋಡೆಗೆ ಕೈ ಇಟ್ಟರು.

"ವಿನೋದಾ, ಒಲೆ ಇಲ್ಲಿ ಇಡುವುದಾ?"

ಅಕ್ಕಂದಿರೇ, ಅಣ್ಣಂದಿರೇ, ಚುನಾವಣೆ ಇನ್ನೂ ಬರುತ್ತದೆ. ಓಟು ನಿಮ್ಮ ಮನಸ್ಸಿಗೆ ಸರಿ ಕಂಡವರಿಗೆ ಹಾಕಿ. ಆದರೆ ಫಲಿತಾಂಶದ ಗದ್ದಲದಲ್ಲಿ ನಿಮ್ಮ ವರ್ಷಗಳ ಉಳಿತಾಯವನ್ನು ಕದಲಿಸಬೇಡಿ. ಆ ಹಣ ಯಾವ ತಿಂಗಳಿಗೆ ಬೇಕು ಅಂತ ಇವತ್ತೇ ಮನೆಯವರೆಲ್ಲ ಕುಳಿತು ಮಾತಾಡಿ. ಬೇಗ ಬೇಕಾದದ್ದನ್ನು ಠೇವಣಿಗೆ ಹಾಕಿ, ದೂರದ್ದಕ್ಕೆ ಮಾತ್ರ ಏರಿಳಿತ ತಾಳಿಕೊಳ್ಳಿ. "ಹೊಸ ಸರ್ಕಾರ ಬಂತು, ಈಗಲೇ ಹಾಕಿ" ಅಂತ ಯಾರಾದರೂ ಅವಸರ ಮಾಡಿದರೆ, ಅವರ ಹೆಸರು ಸೆಬಿಯ ಪಟ್ಟಿಯಲ್ಲಿ ಉಂಟಾ ಅಂತ ನೋಡಿ. ನೋಡಲು ಬಾರದಿದ್ದರೆ ನಾಚಿಕೊಳ್ಳಬೇಡಿ, ನಿಮ್ಮ ಬ್ಯಾಂಕಿಗೋ ಸಂಘಕ್ಕೋ ಹೋಗಿ ಕೇಳಿ. ನಮ್ಮ ಸಂಘದ ಬಾಗಿಲಂತೂ ತೆರೆದೇ ಉಂಟು, ಬನ್ನಿ.