ಮೊಳದುದ್ದದ ರಬ್ಬರ್ ಕೊಳವೆ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತಿದ್ದ ಕಷ್ಟ ಇದು. ಏರು ಬಂದರೆ ಸಾಕು, ಬಸ್ಸು ಮೊದಲು ಕೆಮ್ಮುತ್ತಿತ್ತು, ಆಮೇಲೆ ನಿಂತೇ ಬಿಡುತ್ತಿತ್ತು. ಗಂಡಸರು ಇಳಿದು ತಳ್ಳಬೇಕು. ಹೆಂಗಸರು ಕುಕ್ಕೆ, ಕೋಳಿ, ಕೂಸುಗಳನ್ನು ಎತ್ತಿಕೊಂಡು ಹಿಂದೆ ನಡೆಯಬೇಕು. "ಬಸ್ಸು ನಮ್ಮನ್ನ ಒತ್ಕಂಡ್ ಹೋಗ್ತದೆ ಅಂದ್ಕಂಡ್ರೆ, ಬಸ್ಸನ್ನೇ ನಾವು ಒತ್ಕಂಡ್ ಹೋಗಂಗಾಯ್ತಲ್ಲ" ಎಂದು ಬಸ್ಸಿನ ಯಜಮಾನನ ಪಕ್ಕದ ಮನೆಯ ಕುಳ್ಳಮ್ಮ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು.

ಆಗ ಮಹಾರಾಜರ ಆಳ್ವಿಕೆ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಇಲ್ಲಿ ಪೆಟ್ರೋಲನ್ನು ಅಳೆದು ಕೊಡುತ್ತಿದ್ದರು, ತಾಮ್ರ ಹಿತ್ತಾಳೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು.

ಆ ಬಸ್ಸು ಹುಣಸೂರಿನ ರುದ್ರಸ್ವಾಮಿಯದು. ಅವನ ಹೆಂಡತಿ ಸುನಂದಮ್ಮ. ಅವಳ ತಾಯಿ ತೀರಿಕೊಂಡಾಗ ತಮ್ಮ ಮಂಟಯ್ಯ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಗಂಡನ ಮನೆಗೆ ಬಂದಿದ್ದಳು. ಮಂಟಯ್ಯ ಬಸ್ಸು ತೊಳೆದು, ಚಕ್ರ ಕಳಚಿ, ಭಾವನ ಬೈಗುಳ ತಿಂದು ಕೆಲಸ ಕಲಿತ. ಈಗ ಡ್ರೈವರ್ ಲೈಸೆನ್ಸೂ ಕೈಗೆ ಬಂದಿತ್ತು. ಹುಡುಗ ಡ್ರೈವರ್ ಎಂದು ಕೇಳಿದ ಮೇಲೆ ಬಿಳಿಕೆರೆಯ ಕಡೆಯವರೊಬ್ಬರು ಹೆಣ್ಣು ಕೊಡಲು ಒಪ್ಪಿದ್ದರು. ಏರಿನಲ್ಲಿ ನಿಲ್ಲದಿರಲೆಂದು ಹೊಸ ಎಂಜಿನ್ ಕೂರಿಸಿದ ಬಸ್ಸನ್ನು ಮೊದಲ ದಿನ ಮಂಟಯ್ಯನೇ ನಡೆಸಬೇಕು, ಪಿರಿಯಾಪಟ್ಟಣದ ತನಕ ತಾನು ಅವನ ಹಿಂದಿನ ಸೀಟಿನಲ್ಲೇ ಕೂತು ಹೋಗಬೇಕು. ಸುನಂದಮ್ಮನಿಗೆ ಇದ್ದದ್ದು ಆ ಒಂದೇ ಆಸೆ.

ಹೊಸ ಎಂಜಿನ್ ಎಂದರೆ ನಿಜವಾಗಿ ಹೊಸದಲ್ಲ. ಕೊಡಗಿನಲ್ಲಿ ಮರ ಸಾಗಿಸುತ್ತಿದ್ದ ಒಂದು ಲಾರಿಯದು. ಮನೆ ಮುಂದಿನ ಹುಣಸೆಮರದ ಕೊಂಬೆಗೆ ಸರಪಳಿ ಕಟ್ಟಿ, ಹಳೆಯದನ್ನು ಇಳಿಸಿ ಇದನ್ನು ಕೂರಿಸಿದವನು ಮೆಕ್ಯಾನಿಕ್ ಅಬ್ದುಲ್ ಅಜೀಜ್. ಕೈ ಎಷ್ಟು ಓಡುತ್ತಿತ್ತೋ ಬಾಯಿಯೂ ಅಷ್ಟೇ ಓಡುವ ಮನುಷ್ಯ.

"ಎಂಜಿನ್ ಕೂತ್ಕಂತು ಅಂತ ಹಿಗ್ಬೇಡಿ ರುದ್ರಣ್ಣ" ಎಂದ ಅಜೀಜ್, ಕೈಯನ್ನು ಗೋಣಿಗೆ ಒರೆಸಿಕೊಳ್ಳುತ್ತ. "ಪೆಟ್ರೋಲ್ ಪೈಪು ಹಳೇದು. ಇದು ದೊಡ್ಡ ಎಂಜಿನ್ನು, ಜಾಸ್ತಿ ಕುಡೀತದೆ. ಆ ಸಣ್ಣ ಪೈಪಲ್ಲಿ ಏರಲ್ಲಿ ಮತ್ತೆ ಉಸಿರು ಕಟ್ತದೆ. ದೊಡ್ಡೆತ್ತು ತಂದು ಕರ ಕಟ್ಟೋ ಹಗ್ಗದಾಗೆ ಕಟ್ತೀರಾ?"

"ಸದ್ಯಕ್ಕೆ ಓಡ್ಲಿ ಬುಡಿ ಸಾಬ್ರೇ."

"ಓಡೋದೆಲ್ಲಿ? ಹಳೇ ಎಂಜಿನ್ನು ಪೆಟ್ರೋಲ್ ಕುಡೀತಿದ್ದದ್ದು ಎಡಕ್ಕೆ, ಇದು ಬಲಕ್ಕೆ. ಪೈಪು ಅಲ್ಲೀಗಂಟ ಹೋಗೋದೇ ಇಲ್ಲ. ಮೊಳದಷ್ಟು ಕಮ್ಮಿ ಬತ್ತದೆ."

"ಮೊಳದುದ್ದಕ್ಕೆ ಇಷ್ಟು ಪುರಾಣವಾ?" ಎಂದು ರುದ್ರಸ್ವಾಮಿ ಒಳಗೆ ಹೋಗಿ ಒಂದು ರಬ್ಬರ್ ಕೊಳವೆ ತಂದ. ಕೊಡಗಿನ ಕಾಫಿ ತೋಟದಲ್ಲಿ ಗಿಡಗಳಿಗೆ ಮೈಲುತುತ್ತದ ಔಷಧಿ ಹೊಡೆಯುವ ಪಂಪಿನದು. "ನೋಡಿ, ಮೈಲುತುತ್ತ ಅಂದ್ರೆ ವಿಷ. ವರ್ಷಗಟ್ಲೆ ಆ ವಿಷ ಕುಡ್ದು ಈ ಕೊಳವೆಗೆ ಒಂದು ಬಿರುಕಿಲ್ಲ. ಪೆಟ್ರೋಲು ಏನ್ ಮಾಡೀತು?"

ಜಗಲಿಯಲ್ಲಿ ಕೂತಿದ್ದವರಿಗೆ ಈ ಮಾತು ಸರಿಯೆನಿಸಿತು. ಸುನಂದಮ್ಮನಿಗೂ ಸರಿಯೆನಿಸಿತು.

"ಮೈಲುತುತ್ತ ನೀರಲ್ಲಿ ಕರಗಿರ್ತದೆ. ಪೆಟ್ರೋಲು ನೀರಲ್ಲ" ಎಂದ ಅಜೀಜ್. "ಅದು ಈ ರಬ್ಬರನ್ನ ತಿಂತದೆ. ಇವತ್ತು ಬಿಗಿಯಾಗಿ ಕೂತ್ಕತದೆ, ನಾಳೆ ಊದ್ಕಂಡು ಜಾರ್ತದೆ. ಅದೂ ಅಲ್ದೆ ಎಲ್ಲಿ ಹಾಯ್ತಾ ಅದೆ ನೋಡಿ, ಸೈಲೆನ್ಸರ್ ಪೈಪಿನ ನೆತ್ತಿ ಮೇಲೆ. ಟ್ಯಾಂಕು ಸೀಟಿನ ಕೆಳಗೆ, ಎಂಜಿನ್ನಿಗಿಂತ ಎತ್ತರದಲ್ಲಿ ಅದೆ. ಕೊಳವೆ ಜಾರಿದ್ರೆ ಸುರೀತಾ ಇರ್ತದೆ, ನಿಲ್ಸೋಕೆ ಟ್ಯಾಂಕಿನ ನಲ್ಲೀನೂ ತಿರುಗಕ್ಕಿಲ್ಲ, ಕಚ್ಕೊಂಡು ಕೂತದೆ. ಕೃಷ್ಣರಾಜನಗರದ ಅಕ್ಕಿ ಗಿರಣಿ ಮೇಸ್ತ್ರಿ ತಾವ ದಪ್ಪ ತಾಮ್ರದ ಪೈಪು ಅದೆಯಂತೆ. ನಾನು ಹೋಗಿ ತತ್ತೀನಿ. ಅಲ್ಲೀವರ್ಗೂ ಬಸ್ಸು ನಿಂತಿರ್ಲಿ."

"ಸೋಮವಾರಕ್ಕೆ ಗಳಿಗೆ ನೋಡ್ಸಿದೀನಿ."

"ಗಳಿಗೆ ಇನ್ನೊಂದು ಬತ್ತದೆ, ರುದ್ರಣ್ಣ."

ಆಗ ಸುನಂದಮ್ಮನೇ ನಡುವೆ ಬಂದಳು. "ಕಟ್ಕೊಡಿ ಸಾಬ್ರೇ. ಎಂಜಿನ್ನು ತಿರುಗ್ತದಾ ಇಲ್ವಾ ನೋಡೋಕಾದ್ರೂ ಬ್ಯಾಡ್ವಾ?" ಎಂದು ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಬಾರ್ ಸೋಪನ್ನು ತಂದು ಕೊಟ್ಟಳು. ಪೆಟ್ರೋಲು ಸೋರುವ ಕಡೆಗೆ ಸೋಪು ಮೆತ್ತುವುದು ಆ ದಾರಿಯ ಡ್ರೈವರುಗಳೆಲ್ಲ ಮಾಡುತ್ತಿದ್ದ ಉಪಾಯ.

ಅಜೀಜ್ ಸೋಪನ್ನು ತೆಗೆದುಕೊಂಡ. ಆಮೇಲೆ ರಬ್ಬರನ್ನು ಸಿಕ್ಕಿಸಿ, ದಾರ ಸುತ್ತಿ, ಸೋಪು ಮೆತ್ತಿದ. ಎಂಜಿನ್ ಗುಡುಗಿತು. ಬೀದಿಯವರೆಲ್ಲ ನಕ್ಕರು. "ತಿರುಗಿದ್ದು ನೋಡಿದ್ರಲ್ಲ, ಸಾಕು. ನಾನು ಬರೋವರ್ಗೂ ಯಾರೂ ಮುಟ್ಬೇಡಿ" ಎಂದು ಹೇಳಿ ಅವನು ಗಾಡಿ ಹತ್ತಿ ಕೃಷ್ಣರಾಜನಗರದ ಕಡೆ ಹೋದ. ಕಟ್ಟಿದ ಕೊಳವೆಯನ್ನು ಬಿಚ್ಚಲಿಲ್ಲ.

ಸೋಮವಾರ ಬೆಳಿಗ್ಗೆ ಅಜೀಜ್ ಇನ್ನೂ ಬಂದಿರಲಿಲ್ಲ. ಗಳಿಗೆ ಬಂದಿತ್ತು. ಬಸ್ಸಿಗೆ ಮಾವಿನ ಸೊಪ್ಪು, ಚೆಂಡುಹೂವಿನ ಹಾರ. ಎಂಜಿನ್ನಿಗೇ ವಿಭೂತಿ ಹಚ್ಚಬೇಕೆಂದು ಬಾನೆಟ್ ಎತ್ತಿಟ್ಟಿದ್ದರು. ಓಡುವ ಎಂಜಿನ್ನಿಗೇ ಆರತಿ ಆಗಲಿ ಎಂದು ರುದ್ರಸ್ವಾಮಿ ಅದನ್ನು ಚಾಲೂ ಮಾಡಿಸಿದ.

ಮಂಟಯ್ಯ ಒಗೆದ ಅಂಗಿ ತೊಟ್ಟು ಬಾನೆಟ್ಟಿನ ಪಕ್ಕ ನಿಂತಿದ್ದ. ಬಗ್ಗಿ ಮೂಸಿ ನೋಡಿದ.

"ಅಕ್ಕ, ವಾಸ್ನೆ ಬತ್ತಾದೆ."

"ಪೆಟ್ರೋಲ್ ಬಸ್ಸಲ್ಲಿ ಪೆಟ್ರೋಲ್ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬಂದದೇನ್ಲಾ?"

"ಅಂಗಲ್ಲ ಕಣಕ್ಕ. ಜಾಸ್ತಿ ಬತ್ತಾದೆ."

"ನಿಂದು ಬಸುರಿ ಮೂಗು ಕಣ್ಲಾ" ಎಂದಳು ಸುನಂದಮ್ಮ. ಕುಳ್ಳಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮಂಟಯ್ಯನೂ ನಾಚಿಕೊಂಡು ನಕ್ಕ. ಸುನಂದಮ್ಮ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಎಂಜಿನ್ನಿನ ಮುಂದೆ ಎತ್ತಿದಳು.

ಕೊಳವೆ ಜಾರಿದ್ದು ಯಾರಿಗೂ ಕಾಣಲಿಲ್ಲ. ಕಾದ ಸೈಲೆನ್ಸರ್ ಪೈಪಿನ ಮೇಲೆ ಏನೋ ಚುರ್ ಎಂದಿತು. ಆಮೇಲೆ ತಟ್ಟೆಯ ಉರಿ ತಟ್ಟೆಯಲ್ಲಿ ಉಳಿಯಲಿಲ್ಲ, ಎಂಜಿನ್ನೆಲ್ಲ ಹೊತ್ತಿಕೊಂಡಿತು.

ಪೆಟ್ರೋಲು ಮುಂದಕ್ಕೆ, ಅಕ್ಕ ನಿಂತಿದ್ದ ಕಡೆಗೇ ಚಿಮ್ಮುತ್ತಿತ್ತು. ಮಂಟಯ್ಯ ಎರಡೂ ಕೈ ಒಳಗೆ ಹಾಕಿ ಪೈಪಿನ ಬಾಯನ್ನು ಅಮುಕಿ ಹಿಡಿದ. "ಅಕ್ಕ, ಹಿಂದಕ್ಕೋಗು" ಎಂದ. ಅವಳು ಹಿಂದಕ್ಕೆ ಹೋಗುವವರೆಗೂ ಬಿಡಲಿಲ್ಲ.

ಸುನಂದಮ್ಮ ಕೈಗೆ ಸಿಕ್ಕ ಕೊಡದ ನೀರನ್ನು ಎರಚಿದಳು. ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ತಮ್ಮನ ಕಾಲಿನವರೆಗೆ ಹರಿಯಿತು. ಪಂಚೆ ಹೊತ್ತಿಕೊಂಡಿತು. "ನೀರ್ ಬ್ಯಾಡ, ಮಣ್ ಹಾಕಿ" ಎಂದು ಯಾರೋ ಕೂಗಿದರು. ಮನೆ ಕಟ್ಟಲು ತಂದಿಟ್ಟಿದ್ದ ಹೊಳೆ ಮರಳನ್ನು ಕುಳ್ಳಮ್ಮ ಮಡಿಲಲ್ಲಿ ತುಂಬಿಕೊಂಡು ಬಂದು ಸುರಿದಳು. ಅವಳ ಹಿಂದೆ ಬೀದಿಯೇ ಸುರಿಯಿತು. ಟ್ಯಾಂಕಿನಲ್ಲಿದ್ದ ಅಳತೆಯ ಪೆಟ್ರೋಲೂ ಸುರಿದು ಮುಗಿದಿತ್ತು. ಆಗ ಆರಿತು.

ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ಯಲು ಬೇಗ ಸಿಗಬಹುದಾಗಿದ್ದ ವಾಹನ ಒಂದೇ. ಅದು ಹುಣಸೆಮರದ ಕೆಳಗೆ ಹೊಗೆಯಾಡುತ್ತ ನಿಂತಿತ್ತು. ಮರ ತುಂಬಿದ ಲಾರಿಯೊಂದು ಬರುವವರೆಗೆ ಮಂಟಯ್ಯನನ್ನು ಬಾಳೆಲೆಯ ಮೇಲೆ ಮಲಗಿಸಿಕೊಂಡು ರಸ್ತೆ ಬದಿಯಲ್ಲಿ ಕಾದರು.

ಜೀವ ಉಳಿಯಿತು. ಕೈ ಉಳಿಯಲಿಲ್ಲ. ಬೆರಳುಗಳು ಒಂದಕ್ಕೊಂದು ಅಂಟಿ ಮುಷ್ಟಿಯಂತೆ ಮುದುಡಿದವು. ಮನೆಗೆ ಬಂದ ಮೇಲೆ ಸುನಂದಮ್ಮ ಅವನಿಗೆ ಮತ್ತೆ ತೊಟ್ಟಿಲ ಕೂಸಿಗೆ ಉಣಿಸಿದಂತೆ ಉಣಿಸಬೇಕಾಯಿತು. ಬಿಳಿಕೆರೆಯವರು ಒಮ್ಮೆ ಬಂದು ನೋಡಿ, ಕಾಫಿಯನ್ನೂ ಕುಡಿಯದೆ ಹೋದರು. ಅದರ ಮೇಲೆ ಅವರ ಸುದ್ದಿ ಇಲ್ಲ.

"ಕಣ್ಣು ಬಿತ್ತು" ಎಂದ ರುದ್ರಸ್ವಾಮಿ. "ಗಳಿಗೆ ನೋಡ್ದವ್ನೇ ಸರಿಯಾಗಿ ನೋಡಿಲ್ಲ. ಒಂದು ಶಾಂತಿ ಮಾಡ್ಸಾನ. ಎಂಜಿನ್ನಿಗೆ ಅಂಥ ಪೆಟ್ಟೇನೂ ಆಗಿಲ್ಲ. ಬೇರೆ ಡ್ರೈವರ್ ಸಿಕ್ತಾನೆ. ರಬ್ಬರ್ ಕೊಳವೆ ಇನ್ನೂ ಒಂದು ತುಂಡು ಉಳ್ದದೆ, ಈ ಸಲ ತಂತಿಯಲ್ಲಿ ಕಟ್ಸಾನ."

ಸುನಂದಮ್ಮನೂ ಹಾಗೆಯೇ ನಂಬಿದ್ದಳು. ನಂಬದಿದ್ದರೆ ಕರ್ಪೂರ ಹಚ್ಚಿದ ತನ್ನ ಕೈಯನ್ನು ಎಲ್ಲಿಡುವುದು?

ಅಜೀಜ್ ಅಷ್ಟು ದಿನ ಆ ಬೀದಿಗೆ ಬಂದಿರಲಿಲ್ಲ. ಒಂದು ಸಂಜೆ ಬಂದ. ಕೈಯಲ್ಲಿ ಮುಚ್ಚಳವಿದ್ದ ಒಂದು ಸೀಸೆ.

"ನಾನು ಅವತ್ತು ಅದನ್ನ ಬಿಚ್ಚಿ ಜೇಬಿಗಾಕ್ಕಂಡು ಹೋಗ್ಬೇಕಿತ್ತು, ಅಮ್ಮ" ಎಂದ. "ನೀವು ಕೇಳಿದ್ರಿ ಅಂತ ಕಟ್ದೆ. ಮಾತಲ್ಲಿ ಹೇಳಿದ್ರೆ ಸಾಕು ಅಂದ್ಕಂಡೆ. ಅದು ನನ್ ತಪ್ಪು. ಈಗ ಇದೊಂದು ನೋಡಿ."

ಸೀಸೆಯಲ್ಲಿ ಪೆಟ್ರೋಲಿತ್ತು. ಅದರಲ್ಲಿ ಹಿಂದಿನ ದಿನವೇ ನೆನೆಹಾಕಿದ್ದ ಒಂದು ತುಂಡು ರಬ್ಬರ್, ಅವತ್ತು ಕೊಳವೆ ಕತ್ತರಿಸುವಾಗ ಅವನ ಚೀಲದಲ್ಲಿ ಉಳಿದದ್ದು. ಅದೇ ಕೊಳವೆಯ ಒಣ ತುಂಡು ಇನ್ನೊಂದು ಅವನ ಜೇಬಿನಲ್ಲಿತ್ತು. ಒಲೆ, ದೀಪ ಯಾವುದೂ ಇಲ್ಲದ ಕಡೆ, ಅಂಗಳದ ಬಯಲಲ್ಲಿ ಕೂತು ಒಂದು ತುಂಡು ಪೈಪನ್ನೂ ಎರಡು ರಬ್ಬರನ್ನೂ ಅವಳ ಮುಂದಿಟ್ಟ. "ನೀವೇ ಹಾಕಿ ನೋಡಿ."

ಒಣ ತುಂಡನ್ನು ಪೈಪಿಗೆ ಸಿಕ್ಕಿಸಲು ಸುನಂದಮ್ಮ ಹಲ್ಲು ಕಚ್ಚಿ ಒತ್ತಬೇಕಾಯಿತು. ಎಳೆದರೂ ಬರಲಿಲ್ಲ. ನೆನೆದ ತುಂಡು ನೀರಲ್ಲಿ ನೆನೆದ ಅವರೆಕಾಳಿನಂತೆ ಊದಿಕೊಂಡಿತ್ತು. ಅದು ಪೈಪಿನ ಮೇಲೆ ಸಲೀಸಾಗಿ ಕೂತಿತು. ಕೈ ಬಿಟ್ಟಳು. ತಾನಾಗಿ ಜಾರಿ ಮಣ್ಣಿಗೆ ಬಿತ್ತು.

ಅವಳು ಅದನ್ನು ಎತ್ತಿ ಮತ್ತೆ ಹಾಕಿದಳು. ಮತ್ತೆ ಬಿತ್ತು.

"ನಾನು ಆರತಿ ಎತ್ತಿದ್ದು ಇದಕ್ಕಾ?" ಎಂದಳು. ರುದ್ರಸ್ವಾಮಿ ಕೆಳಗೆ ಬಿದ್ದಿದ್ದ ರಬ್ಬರನ್ನು ಬೆರಳಲ್ಲಿ ಹಿಸುಕಿ ನೋಡಿದ. ಬೆರಳಿಗೆ ಕರಿ ಮೆತ್ತಿಕೊಂಡಿತು. ಒಳಗೆ ಹೋಗಿ ಉಳಿದಿದ್ದ ಕೊಳವೆಯನ್ನು ತಂದು, ಮಚ್ಚಿನಿಂದ ತುಂಡು ತುಂಡಾಗಿ ಕೊಚ್ಚಿದ.

"ತಾಮ್ರ ಸಿಕ್ತಾ?" ಎಂದು ಕೇಳಿದ.

"ಗಿರಣಿಯವ್ರು ಬೇರೆಯವ್ರಿಗೆ ಕೊಟ್ಬುಟ್ಟವ್ರೆ. ಇನ್ನೊಂದು ಹುಡುಕ್ತಾ ಇವ್ನಿ. ತಡ ಆಯ್ತದೆ."

"ಆಗ್ಲಿ ಬುಡಿ" ಎಂದಳು ಸುನಂದಮ್ಮ. "ಸಿಗೋವರ್ಗೂ ಬಸ್ಸು ನಿಂತಿರ್ಲಿ."

ಮಳೆಗಾಲವೆಲ್ಲ ಬಸ್ಸು ನಿಂತಿತ್ತು. ಚಕ್ರದ ಸುತ್ತ ಹುಲ್ಲು ಬೆಳೆಯಿತು. ಜನ ಗಾಡಿಯಲ್ಲಿ ಹೋದರು, ಬೈದುಕೊಂಡು ಹೋದರು.

ಕೊನೆಗೆ ಪೈಪು ಸಿಕ್ಕಿತು. ಈ ಸಲ ಅಜೀಜ್ ಕೆಲಸ ಮಾಡುವಾಗ ಸುನಂದಮ್ಮ ಪಕ್ಕದಿಂದ ಏಳಲಿಲ್ಲ.

"ಇಲ್ಲಿ ಯಾಕೆ ಬಳೆ ಥರ ಒಂದು ಸುತ್ತು ಸುತ್ತಿದ್ರಿ?"

"ಎಂಜಿನ್ನು ನಡುಗ್ತದೆ, ಬಸ್ಸಿನ ಚೌಕಟ್ಟು ಅಷ್ಟು ನಡುಗಕ್ಕಿಲ್ಲ. ನೆಟ್ಟಗೆ ಎಳ್ದು ಬಿಗಿದ್ರೆ ತಾಮ್ರ ಸೀಳ್ತದೆ. ಈ ಸುತ್ತು ಇದ್ರೆ ಕುಣಿದು ಸುಮ್ಕಾಯ್ತದೆ."

"ಈ ತೊಗಲು ಸುತ್ತಿರೋದು?"

"ಪೈಪು ಕಬ್ಬಿಣಕ್ಕೆ ಉಜ್ಜಿ ಸವೀಬಾರ್ದು ಅಂತ."

ಸೈಲೆನ್ಸರ್ ಇದ್ದ ಕಡೆ ಬಿಟ್ಟು ಆಚೆ ಬದಿಯಿಂದ, ಚೌಕಟ್ಟಿನ ಒಳಮಗ್ಗುಲಲ್ಲಿ ಪೈಪು ಬಂತು. ಸೇರುವ ಕಡೆ ದಾರವಿಲ್ಲ, ಸೋಪಿಲ್ಲ. ಪೈಪಿನ ಬಾಯಿ ಅರಳಿಸಿ ಹಿತ್ತಾಳೆ ನಟ್ಟು ಬಿಗಿದ. ಟ್ಯಾಂಕಿನ ಬುಡಕ್ಕೆ ಹೊಸ ನಲ್ಲಿ. ಎಂಜಿನ್ ಓಡಿಸಿ, ಸುನಂದಮ್ಮನ ಹಳೆಯ ಬಿಳಿ ಸೀರೆಯ ಚೂರಿನಿಂದ ಒಂದೊಂದು ಕೀಲನ್ನೂ ಒರೆಸಿದರು. ಚೂರು ಒಣಗಿಯೇ ಇತ್ತು.

ರುದ್ರಸ್ವಾಮಿ ಹೊಸ ಡ್ರೈವರನ್ನು ಕರೆಯಲು ಹೊರಟ. ಸುನಂದಮ್ಮ ತಡೆದಳು. "ಇನ್ನೊಬ್ರು ನೋಡ್ಬೇಕು" ಎಂದು ಒಳಗೆ ಹೋಗಿ ತಮ್ಮನನ್ನು ಕರೆದುಕೊಂಡು ಬಂದಳು. ಅಷ್ಟು ದಿನದಲ್ಲಿ ಮಂಟಯ್ಯ ಬಸ್ಸಿನ ಹತ್ತಿರ ಬಂದದ್ದು ಅದೇ ಮೊದಲು. ಬಾನೆಟ್ ನೋಡಿ ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಅವನ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

"ಮೂಸಿ ನೋಡಪ್ಪ. ನೀನು ಸರಿ ಅಂದ್ರೆ ಹೋಯ್ತದೆ. ಇಲ್ಲ ಅಂದ್ರೆ ಇಲ್ಲ."

ಮಂಟಯ್ಯ ಮುದುಡಿದ ಕೈಗಳನ್ನು ಹಿಂದಕ್ಕಿಟ್ಟುಕೊಂಡು ಬಗ್ಗಿದ. ಟ್ಯಾಂಕಿನ ಬುಡದಿಂದ ಎಂಜಿನ್ನಿನವರೆಗೆ ಪೈಪಿನ ಗುಂಟ ನಿಧಾನವಾಗಿ ಮೂಸುತ್ತ ಬಂದ. ಕುಳ್ಳಮ್ಮನೂ ಬಂದು ನಿಂತಿದ್ದಳು. ಯಾರೂ ನಗಲಿಲ್ಲ.

"ವಾಸ್ನೆ ಇಲ್ಲ ಕಣಕ್ಕ" ಎಂದ.

ಕರ್ಪೂರ ಅವತ್ತು ದೇವರ ಕೋಣೆಯಲ್ಲೇ ಉರಿಯಿತು. ಬಸ್ಸಿಗೆ ಬರೀ ಹೂವು. ಅಂದಿನಿಂದ ಆ ಬಸ್ಸು ದಿನಾ ಬೆಳಿಗ್ಗೆ ಹುಣಸೆಮರದ ಕೆಳಗಿಂದ ಹೊರಡುವ ಮುಂಚೆ ಮಂಟಯ್ಯ ಬಗ್ಗಿ ಮೂಸಬೇಕು, ಅವನು ತಲೆಯಾಡಿಸಬೇಕು. ಅವನು ನಡೆಸಬೇಕಾಗಿದ್ದ ಬಸ್ಸನ್ನು ಬೇರೆಯವರು ನಡೆಸಿಕೊಂಡು ಹೋಗುತ್ತಿದ್ದರು. ಅದು ಕಣ್ಮರೆಯಾಗುವವರೆಗೆ ಅವನು ರಸ್ತೆಯಲ್ಲೇ ನಿಂತಿರುತ್ತಿದ್ದ. ಅನ್ನ ಕಲಸಿಟ್ಟುಕೊಂಡು ಅಕ್ಕ ಒಳಗೆ ಕಾಯುತ್ತಿದ್ದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಬಸ್ಸಿನವರಿರಬಹುದು, ಲಾರಿಯವರಿರಬಹುದು, ಗಿರಣಿಯಲ್ಲಿ ಎಂಜಿನ್ ನಡೆಸುವವರಿರಬಹುದು. ಎಂಜಿನ್ ಬದಲಾಯಿಸಿದ ದಿನ ಪೈಪನ್ನೂ ಬದಲಾಯಿಸಿ. ಹೊಸ ಎಂಜಿನ್ ಎಷ್ಟು ಕುಡಿಯುತ್ತದೋ ಅಷ್ಟು ಅಗಲದ್ದು ಹಾಕಿ, ಪೆಟ್ರೋಲಿಗೆಂದೇ ಮಾಡಿದ್ದನ್ನು ಹಾಕಿ. ಬಿಸಿಯಾಗುವ ಜಾಗದಿಂದ ದೂರ ಒಯ್ಯಿರಿ. ಎಂಜಿನ್ ಓಡಿಸಿ, ಕೀಲುಗಳನ್ನು ಒಣಬಟ್ಟೆಯಲ್ಲಿ ಒರೆಸಿ ನೋಡಿದ ಮೇಲೆಯೇ ಜನರನ್ನು ಹತ್ತಿಸಿ. ಪಕ್ಕದಲ್ಲಿ ಒಂದು ಡಬ್ಬ ಮರಳಿರಲಿ. ಬಾನೆಟ್ ತೆರೆದಿರುವಾಗ ಬೀಡಿ, ದೀಪ, ಕರ್ಪೂರ ಯಾವುದೂ ಹತ್ತಿರ ಬೇಡ. ದೇವರು ಒಳಗಿನ ಆರತಿಯನ್ನೂ ಒಪ್ಪಿಕೊಳ್ಳುತ್ತಾನೆ. ಸರಿಯಾದ ಪೈಪು ಸಿಗದಿದ್ದರೆ ಗಾಡಿ ನಿಲ್ಲಲಿ. ಬೈಯುವವರು ಬೈಯಲಿ.

ಮತ್ತೆ, ನಿಮ್ಮ ಮನೆಯಲ್ಲಿ ಯಾರಾದರೂ ಬಗ್ಗಿ ನೋಡಿ "ವಾಸನೆ ಬರುತ್ತಿದೆ" ಎಂದರೆ ನಗಬೇಡಿ. ಕೂಡಲೇ ಎಂಜಿನ್ ನಿಲ್ಲಿಸಿ.